ಗೇಣಿ, ಭಾಷೆ, ಮೀಸಲಾತಿ: ಅಭ್ಯರ್ಥಿ ಶಾಂತವೇರಿ ಗೋಪಾಲಗೌಡರ ನಿಲುವುಗಳ ಲೆಕ್ಕ

ವರದಾತೀರ (ಚರ್ಚೆ ಆರಂಭಿಸಿದವರು)

ಚುನಾವಣೆ ಬಂದಾಗಲೆಲ್ಲ ಶಿವಮೊಗ್ಗ ಜಿಲ್ಲೆಯ ಸಭೆಗಳಲ್ಲಿ ಶಾಂತವೇರಿ ಗೋಪಾಲಗೌಡರ ಹೆಸರೆತ್ತದ ಭಾಷಣಕಾರರಿಲ್ಲ. ಯಾವ ಪಕ್ಷದವರಾದರೂ ಅವರ ಪ್ರಾಮಾಣಿಕತೆಯನ್ನೂ ಬಡತನವನ್ನೂ ಮಾತಿನ ಮೊನಚನ್ನೂ ಹೊಗಳಿ, ಭಾವಚಿತ್ರಕ್ಕೊಂದು ಹಾರ ಹಾಕಿ, ತಮ್ಮ ಪಾಡಿಗೆ ತಾವು ಹೋಗುತ್ತಾರೆ. ಆದರೆ 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಲ್ಲಿ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ಅವರು ಮತ ಕೇಳಲು ಹೊರಟಾಗ ಜನರ ಮುಂದಿಟ್ಟ ನಿಲುವುಗಳೇನು, ಅವುಗಳಲ್ಲಿ ಯಾವುದು ಕಾನೂನಾಯಿತು, ಯಾವುದು ಭಾಷಣದಲ್ಲೇ ಉಳಿಯಿತು ಎಂಬ ಲೆಕ್ಕವನ್ನು ಇಟ್ಟವರು ಕಡಿಮೆ. ಒಬ್ಬ ರಾಜಕಾರಣಿಯನ್ನು ಸಂತನನ್ನಾಗಿ ಮಾಡಿಬಿಟ್ಟರೆ ಅವನ ಬೇಡಿಕೆಗಳಿಗೆ ಉತ್ತರ ಕೊಡುವ ಹೊಣೆ ನಮಗೆ ತಪ್ಪುತ್ತದೆ ಎಂಬುದು ನನ್ನ ಗುಮಾನಿ. ಆದ್ದರಿಂದ ಗುಣಗಾನವನ್ನು ಬದಿಗಿಟ್ಟು ನಿಲುವುಗಳನ್ನಷ್ಟೇ ಚರ್ಚಿಸೋಣ ಎಂದು ಈ ಎಳೆಯನ್ನು ತೆರೆಯುತ್ತಿದ್ದೇನೆ.

ಮೊದಲನೆಯದು ಭೂಮಿ. ಗೌಡರು ಚುನಾವಣೆಗೆ ನಿಲ್ಲುವ ಹಿಂದಿನ ವರ್ಷ, ಅಂದರೆ 1951ರಲ್ಲಿ, ಸಾಗರದ ಪಕ್ಕದ ಕಾಗೋಡಿನಲ್ಲಿ ಗೇಣಿದಾರರ, ಅಂದರೆ ಬೆಳೆಯ ಪಾಲನ್ನು ಗೇಣಿಯಾಗಿ ಕೊಟ್ಟು ಇನ್ನೊಬ್ಬರ ಭೂಮಿ ಉಳುವವರ, ಸತ್ಯಾಗ್ರಹ ನಡೆದಿತ್ತು. ಗೇಣಿದಾರರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಅವರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪನವರು. ಸಮಾಜವಾದಿಗಳು ಬೆನ್ನಿಗೆ ನಿಂತರು, ಆ ವರ್ಷದ ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಈ ಚಳವಳಿ ಶುರುವಾದದ್ದು ಒಂದು ಅಳತೆಯ ಪಾತ್ರೆಯಿಂದ ಎಂಬುದನ್ನು ಇಂದಿನವರಿಗೆ ನೆನಪಿಸಬೇಕಾಗಿದೆ. ಗೇಣಿಯ ಭತ್ತವನ್ನು ಕಣದಲ್ಲಿ ಅಳೆಯುವಾಗ ಭೂಮಿಯ ಒಡೆಯರು ಸರ್ಕಾರಿ ಅಳತೆಗಿಂತ ದೊಡ್ಡ ಕೊಳಗವನ್ನು ಬಳಸುತ್ತಿದ್ದರು ಎಂಬುದೇ ರೈತರ ತಕರಾರಾಗಿತ್ತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗವೊಂದಕ್ಕೆ ಅರ್ಧ ಸೇರು ಹೆಚ್ಚಾದರೂ ಖಂಡುಗಕ್ಕೆ ಹತ್ತು ಸೇರು ಹೋಯಿತು. ಹತ್ತು ಖಂಡುಗ ಗೇಣಿ ಕೊಡುವವನ ಮನೆಯಿಂದ ನೂರು ಸೇರು ಭತ್ತ, ಚೀಟಿಯಲ್ಲಿ ಒಂದಕ್ಷರವೂ ಬದಲಾಗದೆ, ಆಚೆ ಹೋಗುತ್ತಿತ್ತು. ಅದು ಮಳೆಗಾಲದಲ್ಲಿ ಒಂದು ಸಂಸಾರ ಹಲವು ವಾರ ಉಣ್ಣುವ ಗಂಜಿ.

ಇಲ್ಲಿಂದ ಹೊರಟ ಗೌಡರ ನಿಲುವು ಅಳತೆ ಸರಿಪಡಿಸುವುದಕ್ಕೇ ನಿಲ್ಲಲಿಲ್ಲ. ಅಳತೆ ಸರಿಯಾದರೂ ಬಿಟ್ಟಿ ಚಾಕರಿ ಉಳಿಯುತ್ತದೆ, ಗೇಣಿ ಬಹುಪಾಲು ಬಾಯಿಮಾತಿನದಾದ್ದರಿಂದ ಒಡೆಯರು ಬೇಕೆಂದಾಗ ಬಿಡಿಸಬಹುದು; ಆದ್ದರಿಂದ ಉಳುವವನಿಗೇ ಹೊಲದ ಒಡೆತನ ಬರಬೇಕು ಎಂಬಲ್ಲಿಗೆ ಅವರು ಬಂದರು. ಜೋಡೆತ್ತಿನ ಗುರುತಿನ ಕಾಂಗ್ರೆಸ್ಸಿಗೆ ಎದುರು ನಿಲ್ಲುವುದೇ ಧಾರ್ಷ್ಟ್ಯವೆನಿಸಿದ್ದ ಕಾಲವದು. ಪ್ರತಿ ಅಭ್ಯರ್ಥಿಗೂ ಗುರುತು ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಗಳಿದ್ದ ಆ ಮೊದಲ ಚುನಾವಣೆಯಲ್ಲಿ, ಇಪ್ಪತ್ತೊಂಬತ್ತು ಇನ್ನೂ ತುಂಬದ ಈ ಯುವಕ ಆಲದ ಮರದ ಪೆಟ್ಟಿಗೆಗೆ ಮತ ಹಾಕಿಸಿಕೊಂಡು ಗೆದ್ದರು. ‘ಒಂದು ಓಟು, ಒಂದು ನೋಟು’ ಎಂದು ಜನರಿಂದಲೇ ಹಣ ಕೇಳಿದ ಕಥೆ ಎಲ್ಲರಿಗೂ ಗೊತ್ತು, ಅದನ್ನು ಬೆಳೆಸುವುದಿಲ್ಲ.

ಎರಡನೆಯದು ಭಾಷೆ ಮತ್ತು ರಾಜ್ಯದ ಹೆಸರು. ಆಡಳಿತ ಕನ್ನಡದಲ್ಲಿ ನಡೆಯಬೇಕು, ಏಕೀಕೃತ ರಾಜ್ಯಕ್ಕೆ ಮೈಸೂರು ಎಂಬ ಹೆಸರು ಸಲ್ಲದು, ಕರ್ನಾಟಕವೆಂದೇ ಕರೆಯಬೇಕು ಎಂದು ಅವರು ಶಾಸನಸಭೆಯಲ್ಲಿ ಹಟ ಹಿಡಿದರು. ಮೂರನೆಯದು ಹಿಂದುಳಿದವರ ಪಾಲು; ಇದರಲ್ಲಿ ಅವರು ಲೋಹಿಯಾ ಅವರ ಪಕ್ಷದ ನಿಲುವನ್ನೇ ಹೊತ್ತವರು. ಈ ಮೂರರಲ್ಲಿ ಯಾವುದು ಎಷ್ಟು ಈಡೇರಿದೆ ಎಂದು ನಿಮಗನ್ನಿಸುತ್ತದೆ?

ಹೊಸನಗರದ ಮೇಷ್ಟ್ರು

ಒಳ್ಳೆಯ ವಿಷಯ ಎತ್ತಿದ್ದೀರಿ. ಆದರೆ ಭೂಸುಧಾರಣೆಯ ಶ್ರೇಯಸ್ಸನ್ನು ಒಂದೇ ಹೆಗಲಿಗೆ ಹಾಕುವ ಮೊದಲು ಇಸವಿಗಳನ್ನು ನೋಡೋಣ. ಗೌಡರು ವಿರೋಧ ಪಕ್ಷದಲ್ಲಿ ಕುಳಿತಿದ್ದಾಗ ಕೆಂಗಲ್ ಹನುಮಂತಯ್ಯನವರ ಸರ್ಕಾರದಲ್ಲಿ ಕಂದಾಯ ಸಚಿವರಾಗಿದ್ದವರು ಕಡಿದಾಳ್ ಮಂಜಪ್ಪನವರು. ಅವರೂ ತೀರ್ಥಹಳ್ಳಿ ತಾಲ್ಲೂಕಿನವರೇ. 1952ರ ಗೇಣಿ ಕಾಯ್ದೆ, 1954ರ ಇನಾಂ (ದಾನವಾಗಿ ಕೊಟ್ಟ ಭೂಮಿ) ರದ್ದತಿ ಕಾಯ್ದೆ ಆ ಸರ್ಕಾರದ ಕಾಲದವು. ಒಂದೇ ತಾಲ್ಲೂಕಿನ ಇಬ್ಬರು, ಒಬ್ಬರು ಸರ್ಕಾರದ ಒಳಗಿನಿಂದ, ಇನ್ನೊಬ್ಬರು ಹೊರಗಿನಿಂದ, ಒಂದೇ ಗಂಟನ್ನು ಬಿಚ್ಚಲು ಹೊರಟಿದ್ದರು. ನಮ್ಮ ಜಿಲ್ಲೆಯ ಸಭೆಗಳಲ್ಲಿ ಒಬ್ಬರಿಗೆ ಹಾರ ಹಾಕುವವರು ಇನ್ನೊಬ್ಬರನ್ನು ಮರೆಯುತ್ತಾರೆ.

ಇವರಿಬ್ಬರ ವ್ಯತ್ಯಾಸವಿದ್ದದ್ದು ಗೇಣಿಯನ್ನು ನಿಯಂತ್ರಿಸಬೇಕೋ, ಗೇಣಿ ಪದ್ಧತಿಯನ್ನೇ ತೆಗೆಯಬೇಕೋ ಎಂಬಲ್ಲಿ. ನಿಯಂತ್ರಣದ ದಾರಿ ಎಷ್ಟು ಸೋರುತ್ತದೆ ಎಂಬುದಕ್ಕೆ 1961ರ ಭೂಸುಧಾರಣಾ ಕಾಯ್ದೆಯೇ ಸಾಕ್ಷಿ. ‘ಸ್ವಂತ ಸಾಗುವಳಿ’ಯ ಹೆಸರಿನಲ್ಲಿ ಭೂಮಿಯನ್ನು ಗೇಣಿದಾರನಿಂದ ಬಿಡಿಸಿಕೊಳ್ಳಲು ಅದು ಒಡೆಯರಿಗೆ ಅವಕಾಶ ಕೊಟ್ಟಿತು, ಅದಕ್ಕಿಂತ ದೊಡ್ಡ ದೋಷವೆಂದರೆ 1961ರಲ್ಲಿ ಅಂಗೀಕಾರವಾದ ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ನಾಲ್ಕು ವರ್ಷಗಳಲ್ಲಿ ಯಾರ ಹೆಸರಿನಿಂದ ಯಾರ ಹೆಸರಿಗೆ ಪಹಣಿ ಬದಲಾಗಬಹುದು ಎಂಬುದನ್ನು ಶ್ಯಾನುಭೋಗರ ದಫ್ತರ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಗೌಡರ ನಿಲುವು ಆ ದಿನಗಳಲ್ಲಿ ಅತಿರೇಕವೆಂದು ಕಂಡಿದ್ದರೂ ಆಡಳಿತದ ದೃಷ್ಟಿಯಿಂದ ಅದೇ ಕಾರ್ಯಸಾಧ್ಯವಾದ ನಿಲುವಾಗಿತ್ತು ಎಂಬುದು ನನ್ನ ಅಭಿಪ್ರಾಯ. ಬಾಯಿಮಾತಿನ ಗೇಣಿ ಎಷ್ಟೆಂದು ಅಧಿಕಾರಿ ಪ್ರತಿವರ್ಷ ಕಣದಲ್ಲಿ ನಿಂತು ನೋಡಲಾರ. ಆದರೆ ಇಂಥ ದಿನದಂದು ಉಳುತ್ತಿದ್ದವನು ಯಾರು ಎಂದು ಒಮ್ಮೆ ವಿಚಾರಿಸಿ ತೀರ್ಮಾನಿಸಬಲ್ಲ. 1974ರ ತಿದ್ದುಪಡಿ ಮಾಡಿದ್ದು ಅದನ್ನೇ. ಆ ವರ್ಷದ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು, ಗೇಣಿದಾರರು ಒಡೆತನ ಕೋರಿ ಡಿಕ್ಲರೇಷನ್ ಅರ್ಜಿ ಹಾಕಿದರು, ಭೂನ್ಯಾಯಮಂಡಳಿಗಳು ವಕೀಲರಿಲ್ಲದೆ ವಿಚಾರಣೆ ನಡೆಸಿದವು. ದೇವರಾಜ ಅರಸರು ಅದನ್ನು ಜಾರಿಗೆ ತರುವ ಹೊತ್ತಿಗೆ ಗೌಡರು ತೀರಿಕೊಂಡು ಎರಡು ವರ್ಷಗಳಾಗುತ್ತಿದ್ದವು.

ಅಡಿಕೆಮನೆ

ಮೇಷ್ಟ್ರೇ, ಬರೆಯುವುದು ಸುಲಭ. ನಾನು ಒಡೆಯರ ಕಡೆಯ ಮನೆಯವನು ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಮಾತನ್ನು ಎಷ್ಟು ತೂಗುತ್ತೀರೋ ತೂಗಿ. ನಮ್ಮ ಮನೆಯಲ್ಲಿ ನೂರಾರು ಎಕರೆ ಇರಲಿಲ್ಲ. ಅಜ್ಜ ಬೇಗ ತೀರಿಕೊಂಡು, ಅಜ್ಜಿ ಮೂರು ಚಿಕ್ಕ ಮಕ್ಕಳೊಂದಿಗೆ ಉಳಿದಾಗ, ಉಳಲು ಗಂಡಸರಿಲ್ಲವೆಂದು ನಾಲ್ಕು ಎಕರೆ ಗದ್ದೆಯನ್ನು ಗೇಣಿಗೆ ಕೊಟ್ಟಿದ್ದರು. ಡಿಕ್ಲರೇಷನ್ನಿನಲ್ಲಿ ಅಷ್ಟೂ ಹೋಯಿತು. ಪರಿಹಾರದ ಹಣ ಕಂತಿನಲ್ಲಿ ಬರುತ್ತಿತ್ತು. ಅದನ್ನು ತರಲು ತಾಲ್ಲೂಕು ಕಚೇರಿಗೆ ಹೋಗಿಬರುವ ಬಸ್ ಚಾರ್ಜನ್ನು ಕಳೆದರೆ ಉಳಿಯುವುದು ಅಷ್ಟರಲ್ಲೇ ಇತ್ತು ಎಂದು ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದರು. ಅದೇ ಹೊತ್ತಿಗೆ ಕಾಫಿ, ಏಲಕ್ಕಿ, ರಬ್ಬರಿನ ದೊಡ್ಡ ತೋಟಗಳಿಗೆ ಕಾಯ್ದೆಯಲ್ಲಿ ರಿಯಾಯಿತಿ ಇತ್ತು. ಅಳತೆ ದೊಡ್ಡದಿದ್ದದ್ದು ತಪ್ಪು ಎಂದು ಒಪ್ಪುತ್ತೇನೆ. ಆದರೆ ವಿಧವೆಯ ನಾಲ್ಕು ಎಕರೆಯನ್ನೂ ಜಮೀನ್ದಾರನ ನಾಲ್ಕು ನೂರು ಎಕರೆಯನ್ನೂ ಒಂದೇ ಕೊಳಗದಲ್ಲಿ ಅಳೆದದ್ದು ಸರಿಯೇ ಎಂದು ನಿಮ್ಮ ಅಭ್ಯರ್ಥಿಯನ್ನು ಕೇಳುವ ಹಕ್ಕು ನಮಗೂ ಇದೆ.

ವರದಾತೀರ

ಅಡಿಕೆಮನೆಯವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಗೇಣಿಗೆ ಕೊಟ್ಟದ್ದೇ ಕಾರಣವಾಗಿ ಸಣ್ಣ ಹಿಡುವಳಿದಾರರು ಕಳೆದುಕೊಂಡದ್ದು ನಿಜ, ತೋಟದ ಬೆಳೆಗಳಿಗೆ ರಿಯಾಯಿತಿ ಸಿಕ್ಕಿದ್ದೂ ನಿಜ. ಒಂದು ಮಾತನ್ನಷ್ಟೇ ಸೇರಿಸುತ್ತೇನೆ. 1974ರ ಕಾಯ್ದೆ ಸೈನಿಕರಿಗೂ ನಾವಿಕರಿಗೂ ವಿನಾಯಿತಿ ಇಟ್ಟು ವಿಧವೆಯರನ್ನು ಅದರಿಂದ ಕೈಬಿಟ್ಟದ್ದಕ್ಕೆ ಕಾರಣ, ಹಿಂದಿನ ಕಾಯ್ದೆಗಳಲ್ಲಿ ವಿಧವೆ, ಅಪ್ರಾಪ್ತ, ಅಂಗವಿಕಲರ ಹೆಸರಿನ ವಿನಾಯಿತಿಗಳ ಮರೆಯಲ್ಲಿ ದೊಡ್ಡ ಮನೆಗಳೂ ಭೂಮಿ ಉಳಿಸಿಕೊಳ್ಳಬಹುದಾಗಿತ್ತು ಎಂಬ ಭಯ. ಆ ಭಯಕ್ಕೆ ನಿಮ್ಮ ಅಜ್ಜಿಯಂಥವರು ಬೆಲೆ ತೆತ್ತರು. ಇದನ್ನು ಲೆಕ್ಕದ ಆ ಕಡೆಯ ಕಾಲಂನಲ್ಲಿ ಬರೆಯಲೇಬೇಕು.

ಕೂಲಿಮನೆ

ನೀವಿಬ್ಬರೂ ಕೊಳಗದ ಎರಡು ಬದಿಯವರು. ಕೊಳಗಕ್ಕೆ ಭತ್ತ ತುಂಬಿದವರ ವಿಚಾರ ಇಲ್ಲಿಯವರೆಗೆ ಬಂದಿಲ್ಲ.

ನಮ್ಮ ತಂದೆ, ದೊಡ್ಡಪ್ಪ ಎಲ್ಲರೂ ಗೇಣಿದಾರರ ಗದ್ದೆಯಲ್ಲಿ ಕೂಲಿ ಮಾಡಿದವರು. ದಲಿತರ ಕೈಗೆ ಗೇಣಿಯ ಭೂಮಿ ಸಿಗುತ್ತಿದ್ದದ್ದೇ ಅಪರೂಪ. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯಲ್ಲಿ ಉಳುವವನೆಂದರೆ ಯಾರು? ನೇಗಿಲ ಹಿಂದೆ ನಡೆದವನೋ, ಗೇಣಿ ಚೀಟಿಯಲ್ಲಿ ಹೆಸರಿದ್ದವನೋ? ಕಾಯ್ದೆಯ ಉತ್ತರ ಎರಡನೆಯದು. ಒಂದೇ ಗದ್ದೆಯಲ್ಲಿ ಮೊಣಕಾಲು ಕೆಸರಿನಲ್ಲಿ ನಾಟಿ ಮಾಡಿದ ಹೆಂಗಸು ಭೂನ್ಯಾಯಮಂಡಳಿಯ ಮುಂದೆ ಸಾಕ್ಷಿಯಾಗಿ ನಿಂತು, ‘ಹೌದು, ಇವರೇ ಗೇಣಿ ಮಾಡುತ್ತಿದ್ದರು’ ಎಂದು ಹೇಳಿ, ಸಂಜೆ ಅದೇ ಗದ್ದೆಗೆ ಕೂಲಿಗೆ ಮರಳಿದಳು. ಕೂಲಿಕಾರರಿಗೆ ಸಿಕ್ಕಿದ್ದು ವಾಸದ ಮನೆಯ ಅಡಿಯ ಜಾಗದ ಹಕ್ಕು. ಅದು ಸಣ್ಣದಲ್ಲ, ಎಬ್ಬಿಸಿಬಿಡುತ್ತೇನೆಂಬ ಬೆದರಿಕೆ ಅದರಿಂದ ತಪ್ಪಿತು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯೂ ಬಂದಿತು. ಆದರೆ ಮಿತಿಮೀರಿದ ಭೂಮಿಯನ್ನು ವಶಪಡಿಸಿಕೊಂಡು ಭೂರಹಿತರಿಗೆ ಹಂಚುವ ಕೆಲಸ ಗೇಣಿ ರದ್ದತಿಯಷ್ಟು ಉತ್ಸಾಹದಿಂದ ನಡೆಯಲಿಲ್ಲ. ಹೊಸ ಒಡೆಯರಿಗೆ ಅದರಲ್ಲಿ ಆಸಕ್ತಿ ಉಳಿಯಲಿಲ್ಲ ಎಂದರೆ ಯಾರೂ ಬೇಸರ ಮಾಡಿಕೊಳ್ಳಬಾರದು.

ಗೋಪಾಲಗೌಡರ ಬಗ್ಗೆ ನನಗೆ ಗೌರವವಿದೆ. ಅವರ ನಿಲುವಿನಲ್ಲಿ ಈ ಬಿರುಕು ಇತ್ತು ಎಂಬುದನ್ನು ಹೇಳದೆ ಲೆಕ್ಕ ಮುಗಿಯುವುದಿಲ್ಲ.

ತುಂಗೆಯ ದಡದಿಂದ

ಕೂಲಿಮನೆಯವರ ಮಾತಿಗೆ ಪೂರಕವಾಗಿ ಮೀಸಲಾತಿಯ ನಿಲುವನ್ನು ಇಲ್ಲಿ ತರಬಹುದು. ಲೋಹಿಯಾ ಅವರ ಪಕ್ಷ ಅರವತ್ತರ ದಶಕದಲ್ಲಿ ಹಿಂದುಳಿದವರಿಗೆ ನೂರಕ್ಕೆ ಅರವತ್ತು ಪಾಲು ಬೇಕೆಂದು ಕೇಳಿತು. ಆ ಅರವತ್ತರಲ್ಲಿ ಶೂದ್ರರು, ದಲಿತರು, ಆದಿವಾಸಿಗಳು, ಅಲ್ಪಸಂಖ್ಯಾತರೊಳಗಿನ ಹಿಂದುಳಿದವರು ಮಾತ್ರವಲ್ಲದೆ ಎಲ್ಲ ಜಾತಿಯ ಹೆಂಗಸರನ್ನೂ ಸೇರಿಸಲಾಗಿತ್ತು ಎಂಬುದನ್ನು ಇಂದು ಘೋಷಣೆ ಕೂಗುವವರೂ ಮರೆತಿದ್ದಾರೆ. ಕೆಸರಿನಲ್ಲಿ ನಾಟಿ ಮಾಡಿದ ಆ ಹೆಂಗಸಿಗೆ ಭೂಮಿಯ ಕಾಯ್ದೆಯಲ್ಲಿ ಇಲ್ಲದ ಹೆಸರು ಪಾಲಿನ ಲೆಕ್ಕದಲ್ಲಾದರೂ ಇತ್ತು. ಕರ್ನಾಟಕದಲ್ಲಿ ಇದಕ್ಕೆ ಆಡಳಿತದ ರೂಪ ಬಂದದ್ದು ಅರಸರು 1972ರಲ್ಲಿ ಎಲ್.ಜಿ. ಹಾವನೂರರ ಆಯೋಗವನ್ನು ನೇಮಿಸಿ, 1975ರಲ್ಲಿ ಅದರ ವರದಿ ಬಂದ ಮೇಲೆ. ಆ ವರದಿಯ ಚೌಕಟ್ಟು ಜಾತಿ ಮತ್ತು ಹಿಂದುಳಿದಿರುವಿಕೆಯದು. ಸ್ತ್ರೀಯರನ್ನು ಒಂದು ಹಿಂದುಳಿದ ಸಮೂಹವಾಗಿ ಕಾಣುವ ಲೋಹಿಯಾ ನೋಟ ಅಲ್ಲಿಗೆ ಬರಲಿಲ್ಲ.

ಮುಳುಗಡೆಯವ

ಕ್ಷಮಿಸಿ, ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಭೂಮಿ ಕಳೆದುಕೊಂಡು ಕಾಡಿನಂಚಿಗೆ ಬಂದ ನಮ್ಮಂಥವರಿಗೆ ಇಂದಿಗೂ ಹಕ್ಕುಪತ್ರವಿಲ್ಲ. ಅದನ್ನೂ ಚರ್ಚಿಸಬೇಕು.

ವರದಾತೀರ

ಖಂಡಿತ ಚರ್ಚಿಸಬೇಕು, ಆದರೆ ಅದು ಎರಡು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ನೀವೇ ಬೇರೆ ಎಳೆ ತೆರೆಯಿರಿ, ನಾವೆಲ್ಲ ಅಲ್ಲಿಗೆ ಬರುತ್ತೇವೆ. ಇಲ್ಲಿ ಭಾಷೆಯ ವಿಷಯ ಯಾರೂ ಮುಟ್ಟಿಲ್ಲ.

ದೂರದೂರಿನ ಕನ್ನಡಿಗ

ಹಾಗಾದರೆ ನಾನು ಮುಟ್ಟುತ್ತೇನೆ. ತೀರ್ಥಹಳ್ಳಿಯಲ್ಲಿ ಹುಟ್ಟಿ ಮೂವತ್ತು ವರ್ಷಗಳಿಂದ ಹೊರಗಿರುವವನು. ನನ್ನ ತಂದೆ 1962ರಲ್ಲೂ 1967ರಲ್ಲೂ ಗೌಡರಿಗೇ ಮತ ಹಾಕಿದವರು. 1957ರಲ್ಲಿ ಸೋತ ಗೌಡರು ಆ ಎರಡು ಚುನಾವಣೆಗಳಲ್ಲಿ ತೀರ್ಥಹಳ್ಳಿಯಿಂದ ಗೆದ್ದಿದ್ದರು.

ಹೆಸರಿನ ವಿಷಯದಲ್ಲಿ ಅವರ ನಿಲುವು ಪೂರ್ತಿಯಾಗಿ ಈಡೇರಿತು, ಆದರೆ ನೋಡುವ ಭಾಗ್ಯ ಅವರಿಗಿರಲಿಲ್ಲ. ಅವರು ತೀರಿಕೊಂಡದ್ದು 1972ರ ಜೂನ್ 9ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಮರುತಿಂಗಳೇ ವಿಧಾನಸಭೆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿಡುವ ನಿರ್ಣಯವನ್ನು ಅಂಗೀಕರಿಸಿತು. 1973ರ ನವೆಂಬರ್ 1ರಂದು ಹೆಸರು ಬದಲಾಯಿತು. ‘ಮೈಸೂರು’ ಎಂಬುದು ಅವರಿಗೆ ಒಂದು ಅರಮನೆಯ ಹೆಸರಾಗಿ ಕೇಳಿಸುತ್ತಿತ್ತು, ಬಳ್ಳಾರಿಯವನೂ ಬೀದರಿನವನೂ ಮಂಗಳೂರಿನವನೂ ತಮ್ಮದೆನ್ನಬಹುದಾದ ಹೆಸರು ಬೇಕಿತ್ತು ಎಂದೇ ನಾನು ಅವರ ಹಟವನ್ನು ಅರ್ಥ ಮಾಡಿಕೊಂಡಿದ್ದೇನೆ.

ಆಡಳಿತ ಭಾಷೆಯ ನಿಲುವು ಮಾತ್ರ ಅರ್ಧಕ್ಕೆ ನಿಂತಿದೆ. 1963ರಲ್ಲಿ ರಾಜಭಾಷಾ ಕಾಯ್ದೆ ಬಂದಿತು. 1967ರಲ್ಲಿ ಶಿವಮೊಗ್ಗದಿಂದ ಅವರ ಪಕ್ಷದಿಂದಲೇ ಆರಿಸಿಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ದಾರಿ ತೆರೆದರು. ಸಮಾಜವಾದಿಗಳ ಇಂಗ್ಲಿಷ್ ವಿರೋಧವನ್ನು ಈಗ ಭಾಷಾಭಿಮಾನವೆಂದು ಓದಲಾಗುತ್ತಿದೆ. ಅದು ಮೂಲದಲ್ಲಿ ಗೇಣಿ ಚೀಟಿಯ ಪ್ರಶ್ನೆಯೇ ಆಗಿತ್ತು ಎಂದು ನನಗನ್ನಿಸುತ್ತದೆ. ತನ್ನ ಮೇಲೆ ಹೊರಡಿಸಿದ ಆದೇಶವನ್ನು ತಾನೇ ಓದಲಾರದ ರೈತ, ಓದಿ ಹೇಳುವವನ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಓದಿ ಹೇಳುವವನು ಒಡೆಯನ ಕಡೆಯವನಾಗಿದ್ದರೆ ಕೇಳುವುದೇ ಬೇಡ. ಕಳೆದ ಬಾರಿ ಊರಿಗೆ ಬಂದಾಗ ನಮ್ಮ ಜಮೀನಿನ ಪಾಲಿನ ದಾವೆಯ ತೀರ್ಪಿನ ಪ್ರತಿಯನ್ನು ಚಿಕ್ಕಪ್ಪ ನನ್ನ ಕೈಗಿಟ್ಟು, ‘ಇದರಲ್ಲಿ ಏನಿದೆ ಓದಿ ಹೇಳೋ’ ಎಂದರು. ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಮನುಷ್ಯ ಅವರು. ಹನ್ನೆರಡು ಪುಟ ಇಂಗ್ಲಿಷಿನಲ್ಲಿತ್ತು.

ಹೊಸನಗರದ ಮೇಷ್ಟ್ರು

ಚೀಟಿಯ ಹೋಲಿಕೆ ಸರಿಯಾಗಿದೆ. ಆದರೆ ಒಂದು ತೊಡಕನ್ನು ಹೇಳದಿದ್ದರೆ ಮೇಷ್ಟ್ರಾಗಿ ನಾನು ಸುಳ್ಳು ಹೇಳಿದಂತೆ. ಗೇಣಿದಾರರ ಮೊಮ್ಮಕ್ಕಳೇ ಇಂದು ನಮ್ಮ ಸರ್ಕಾರಿ ಶಾಲೆಗೆ ಬಂದು ಟಿ.ಸಿ. ಕೇಳುತ್ತಾರೆ, ಹಳದಿ ಬಸ್ಸಿನ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಮಕ್ಕಳನ್ನು ಸೇರಿಸುತ್ತಾರೆ. ಅವರನ್ನು ಬೈಯುವ ಮನಸ್ಸು ನನಗಿಲ್ಲ. ತೀರ್ಪು ಇಂಗ್ಲಿಷಿನಲ್ಲೇ ಬರುವುದಾದರೆ ಓದಲು ಬರುವ ಒಬ್ಬನಾದರೂ ಮನೆಯಲ್ಲಿರಲಿ ಎಂಬುದು ಅವರ ಲೆಕ್ಕ. ಭಾಷೆಯ ನಿಲುವನ್ನು ಪೋಷಕರ ಹೆಗಲಿಗೆ ಹಾಕಿ, ನ್ಯಾಯಾಲಯ ಮತ್ತು ಉದ್ಯೋಗಗಳನ್ನು ಅದರಿಂದ ಹೊರಗಿಟ್ಟದ್ದೇ ನಾವು ಮಾಡಿದ ತಪ್ಪು.

ಅಡಿಕೆಮನೆ

ಭೂಮಿಗೇ ಹಿಂದಿರುಗುತ್ತೇನೆ. 2020ರ ತಿದ್ದುಪಡಿಯಲ್ಲಿ 79ಎ, ಬಿ ಕಲಮುಗಳು ರದ್ದಾದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ನಮ್ಮ ಅಜ್ಜಿಯ ನಾಲ್ಕು ಎಕರೆ ಪಡೆದವರ ಮಗ ಕಳೆದ ವರ್ಷ ಅದರಲ್ಲಿ ಎರಡನ್ನು ಬೆಂಗಳೂರಿನವರಿಗೆ ಮಾರಿದರು. ಅಲ್ಲಿ ಈಗ ಹೋಮ್‌ಸ್ಟೇ ಏಳುತ್ತಿದೆ. ಗೇಣಿಯಲ್ಲಿ ಬಂದ ಭೂಮಿಯನ್ನು ಹದಿನೈದು ವರ್ಷ ಮಾರುವಂತಿಲ್ಲ ಎಂಬ ನಿರ್ಬಂಧ ಎಂದೋ ಮುಗಿದಿದೆ, ಆದ್ದರಿಂದ ಕಾನೂನಿನಲ್ಲಿ ತಪ್ಪಿಲ್ಲ. ಉಳುವವನೇ ಮಾರುವವನಾದಾಗ ನಿಮ್ಮ ಘೋಷಣೆಗೆ ಏನು ಅರ್ಥ ಉಳಿಯಿತು?

ಕೂಲಿಮನೆ

ಮಾರುವ ಹಕ್ಕಿಲ್ಲದ ಒಡೆತನ ಯಾವ ಒಡೆತನ, ಅಡಿಕೆಮನೆಯವರೇ? ನಿಮ್ಮವರು ಮಾರಿದಾಗ ಯಾರೂ ಘೋಷಣೆಯ ಅರ್ಥ ಕೇಳಲಿಲ್ಲ. ನನ್ನ ತಕರಾರು ಬೇರೆ. ಆ ಎರಡು ಎಕರೆ ಮಾರಾಟಕ್ಕಿದೆ ಎಂದಾಗ ಅದನ್ನು ಕೊಳ್ಳುವ ಸಾಲ ನಮ್ಮ ಕೇರಿಯ ಒಬ್ಬನಿಗೂ ಯಾವ ಬ್ಯಾಂಕಿನಲ್ಲೂ ಸಿಗುವುದಿಲ್ಲ. ಇಂದು ಮತ ಕೇಳಲು ಬರುವವರು ಗೌಡರ ಹೆಸರನ್ನೆತ್ತಿದರೆ, ಸರ್ಕಾರಿ ಭೂಮಿಯ ಅನಧಿಕೃತ ಸಾಗುವಳಿಯನ್ನು ಸಕ್ರಮಗೊಳಿಸುವ ಬಗರ್‌ಹುಕುಂ ಸಮಿತಿಯ ಮುಂದೆ ಸಾಗುವಳಿ ಚೀಟಿಗಾಗಿ ಇರುವ ನಮ್ಮ ಅರ್ಜಿಗಳನ್ನು ಎಷ್ಟು ದಿನದಲ್ಲಿ ತೀರ್ಮಾನಿಸುತ್ತೀರಿ ಎಂದಷ್ಟೇ ನಾನು ಕೇಳುತ್ತೇನೆ.

ವರದಾತೀರ

ಕೂಲಿಮನೆಯವರು ತೋರಿಸಿದ ಬಿರುಕನ್ನು ನಾನು ಮೊದಲ ಬರಹದಲ್ಲೇ ಹೇಳಬೇಕಿತ್ತು, ಒಪ್ಪುತ್ತೇನೆ. ಉಳುವವನು ಎಂಬ ಪದಕ್ಕೆ ನಾನೂ ಗೇಣಿದಾರನೆಂದೇ ಅರ್ಥ ಹಚ್ಚಿಕೊಂಡು ಬರೆದಿದ್ದೆ. ನಮ್ಮ ಮನೆಯವರು ಗೇಣಿದಾರರಾಗಿದ್ದದ್ದೇ ಅದಕ್ಕೆ ಕಾರಣವಿರಬೇಕು.

ಅಡಿಕೆಮನೆಯವರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕೊಳಗ ಉಳಿದಿದ್ದರೆ ಒಮ್ಮೆ ಸೇರಿನಿಂದ ಅಳೆದು ನೋಡಿ ಹೇಳುವಿರಾ? ಕೆಣಕಲು ಕೇಳುತ್ತಿಲ್ಲ.

ಅಡಿಕೆಮನೆ

ಕೆಣಕಲು ಕೇಳಿದ್ದರೂ ಅಳೆಯುತ್ತಿದ್ದೆ. ನಿನ್ನೆ ಅಟ್ಟ ಹತ್ತಿದೆ. ಎರಡು ಕೊಳಗಗಳು ಸಿಕ್ಕಿದವು, ಒಂದರೊಳಗೆ ಒಂದು ಕೂರಿಸಿಟ್ಟಿದ್ದರು. ಒಳಗಿನದರ ಅಂಚಿನಲ್ಲಿ ಸರ್ಕಾರಿ ಮುದ್ರೆ ಇದೆ, ಸವೆದಿದ್ದರೂ ಬೆರಳಿಗೆ ಸಿಗುತ್ತದೆ. ಹೊರಗಿನದಕ್ಕೆ ಮುದ್ರೆ ಇಲ್ಲ. ಮುದ್ರೆಯದನ್ನು ಅಕ್ಕಿಯಿಂದ ತುಂಬಿ, ಕಡ್ಡಿಯಿಂದ ಅಂಚು ಸವರಿ, ಇನ್ನೊಂದಕ್ಕೆ ಸುರಿದೆ. ಮೇಲೆ ನಾಲ್ಕು ಬೆರಳು ಜಾಗ ಉಳಿಯಿತು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ‘ಅದು ನಿಮ್ಮಜ್ಜನ ಕಾಲದ್ದಲ್ಲ, ಅವರ ಅಪ್ಪನ ಕಾಲದ್ದು’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಅಕ್ಕಿಯನ್ನು ಡಬ್ಬಿಗೆ ವಾಪಸ್ ಹಾಕು’ ಎಂದು ಒಳಗೆ ಹೋದರು.